ಇಪ್ಪತ್ತೇಳು ತಿರುವು

ದಿಂಬಂ ಮೇಲೆ ಚಳಿ, ಇಳಿದರೆ ಸತ್ಯಮಂಗಲದ ಕಾವು.
"ದಪ್ಪ ಬ್ಯಾಡ ಕನಕ್ಕೋ, ಇಳಿವಾಗ ಬಿಚ್ಚಕ್ಕೆ
ಸ್ಟೇರಿಂಗು ಬುಡಕ್ಕಾದ್ದಾ?" ಅಂದಿದ್ದ
ಚೆಂಡುಹೂವಿನ ವ್ಯಾನಿನ ಬಸವಣ್ಣಿ.

ಅದಕ್ಕೇ ಸಣ್ಣ ನೂಲು, ದಪ್ಪ ಕೊಕ್ಕೆ,
ಕಣ್ಣುಕಣ್ಣಿಗೂ ಗಾಳಿ ಕೂರಲು ಜಾಗ.
ಬೂದಿಯ ಮೈ, ಎದೆಗೆ ಚೆಂಡುಹೂ ಹಳದಿ.
ಹಳದಿ ಬೇಡವಾದಲ್ಲಿ ಕತ್ತರಿಸುವಂತಿಲ್ಲ,
ಬೂದಿಯ ಹೊಟ್ಟೆಯೊಳಗೆ ಮಲಗಿಸಿಕೊಂಡೇ ನಡೆಯಬೇಕು,
ಸರದಿ ಬಂದಾಗ ಎಬ್ಬಿಸಬೇಕು.

ಕಲಿಸಿದ್ದು ತಾಳವಾಡಿ ಆಸ್ಪತ್ರೆಯ ನರ್ಸು ಸೆಲ್ವನಾಯಕಿ.
ನಾನು ಕನ್ನಡದಲ್ಲೇ ಎಣಿಸಲು ಕೂರುತ್ತೇನೆ:
ನಾಲ್ಕು, ಐದು, ಆರು, ಏಳು...
ಏಳು ನಮ್ಮಿಬ್ಬರಿಗೂ ಒಂದೇ;
ನಾಲಿಗೆ ಅಲ್ಲಿ ತಿರುವು ತೆಗೆದುಕೊಂಡು
ಎಟ್ಟು, ಒಂಬದು, ಪತ್ತು.
ಆದರೂ ಎಸಳಿನ ಲೆಕ್ಕ ತಪ್ಪಿಲ್ಲ.

ನಿನ್ನೆ ರಾತ್ರಿ ತೊಡಿಸಿದೆ.
ಕತ್ತು ಕಿವಿಯ ಹತ್ತಿರ ನಿಂತುಬಿಟ್ಟಿತು.
ಒಳಗಿನಿಂದ ನಗುತ್ತಾನೆ, ಕೈ ಎರಡೂ ಮೇಲೆ,
ಸಿಕ್ಕಿಬಿದ್ದ ಕಳ್ಳನ ಹಾಗೆ.
ಬಿಚ್ಚಿದೆ ಐದು ಸಾಲು.
ಮಡಿಲಿಗೆ ಬಿದ್ದ ನೂಲು ನೇರ ಮಲಗದು,
ಎಳೆದರೂ ಸುರುಳಿ, ಬಿಟ್ಟರೂ ಸುರುಳಿ,
ಇಪ್ಪತ್ತೇಳಕ್ಕಿಂತ ಹೆಚ್ಚೇ.

ಆರಕ್ಕೆ ಗೇಟು ತೆಗೆಯುತ್ತಾರೆ.
ಹಾರ್ನು ಎರಡು ಸಲ ಆಯಿತು.
ಕತ್ತಿನ್ನೂ ಅರ್ಧ;
ಎದೆಯ ಮೇಲೆ ಕೊಕ್ಕೆ ನೇತುಹಾಕಿಕೊಂಡೇ
ತೊಟ್ಟು ಹೊರಟ,
ನೂಲುಂಡೆ ಅವನ ಜೇಬಿನಲ್ಲಿ.