ಬರೆ

ಹಿಂದಿನ ಬರೆಯಲ್ಲಿ ಹನ್ನೆರಡಡಿ ಕೊಯ್ದರೆ
ಲೋಹಿತನಿಗೊಂದು ಕೋಣೆ.
ಮಕರದಲ್ಲಿ ಮದುವೆ. ಹುಡುಗಿ ಮುಳ್ಳೇರಿಯದವಳು.
ಮನೆ ನೋಡಲು ಬಂದ ದಿನ ಅವಳ ಚಿಕ್ಕಮ್ಮ
ಬಚ್ಚಲಿನವರೆಗೂ ಹೋಗಿ ಕೋಣೆ ಎಣಿಸಿದ್ದಳು.
ಮೂರು ಸಲ ಎಣಿಸಿದರೂ ಎರಡೇ.

ಬಾಯಾರು ಪೇಟೆಯ ಸಲಾಂ, ಜೆಸಿಬಿಗೆ
ಗಂಟೆಗೆ ಸಾವಿರದ ನಾನೂರೆಂದ.
"ಮೂರು ಗಂಟೆಯ ಕೆಲಸ ಅಕ್ಕಾ. ಇದು ಮಣ್ಣಲ್ಲ, ಬೆಣ್ಣೆ."
ಆ ಮಾತಿಗೇ ನನಗೆ ನಿದ್ದೆ ಹತ್ತಲಿಲ್ಲ.
ಬೆಣ್ಣೆಯ ಕೆಳಗಲ್ಲವೇ ನಮ್ಮ ಒಲೆ ಇರುವುದು?

ಕುಂಞಂಬುವಿಗೆ ಹೇಳಿಕಳಿಸಿದೆ.
ಮಾವನ ಕಾಲದಲ್ಲಿ ನಮ್ಮ ಸುರಂಗ ಕೊರೆದವನು.
ಈಗ ಎಪ್ಪತ್ತಾರು. ಇನ್ನೂ ಸುರಂಗದೊಳಗೇ ಇರುವಂತೆ
ತಲೆ ತಗ್ಗಿಸಿ ನಡೆಯುತ್ತಾನೆ.
ಚಹಾ ಬೇಡವೆಂದ. ಮೊದಲು ಗುಡ್ಡೆ, ಆಮೇಲೆ ಬಾಯಿ.

ಗೇರುಮರದ ಬುಡ ತೋರಿಸಿದ.
ಅದು ಹೊರಗೆ ಬಾಗಿ, ಮತ್ತೆ ಮೇಲಕ್ಕೆ ಎದ್ದಿತ್ತು,
ಬ್ರೇಕು ಹಾಕಿದ ಬಸ್ಸಿನಲ್ಲಿ ನಿಂತವರ ಮೊಣಕಾಲಿನ ಹಾಗೆ.
"ಮರ ನೆಟ್ಟಗಿರಲು ನೋಡುತ್ತದೆ. ನೆಲ ಬಿಡುವುದಿಲ್ಲ."
ಅದರಾಚೆ ಮುಳಿಹುಲ್ಲಿನೊಳಗೆ ಒಂದು ಬಿರುಕು.
ಬೇಸಗೆಯದೆಂದು ನಾನು ಎಷ್ಟೋ ಸಲ ದಾಟಿದ್ದೆ,
ತಲೆಯ ಮೇಲೆ ಸೊಪ್ಪಿನ ಹೊರೆ.
ಕೋಲು ಇಳಿಸಿದ. ಕೋಲು ಹೋಯಿತು.
ಕೈಯೂ ಹೋಯಿತು, ಮೊಣಕೈಯವರೆಗೆ.

ಆಮೇಲೆ ಕೇಳತೊಡಗಿದ, ನಾಡಿ ಹಿಡಿದವರ ಹಾಗೆ:
ಮಳೆ ಬಿಟ್ಟು ಎಷ್ಟು ದಿನಕ್ಕೆ ಸುರಂಗದ ನೀರು ಕದಡುತ್ತದೆ?
ಅಡಿಗೆಕೋಣೆಯ ಬಾಗಿಲು ಯಾವಾಗಿನಿಂದ ಹಿಡಿಯುತ್ತಿದೆ?
ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?
ಎಲ್ಲಿಗೆ! ಹೋಗುತ್ತದೆ, ಅಷ್ಟೆ.
ಹದಿನೇಳು ವರ್ಷ ನಾನು ಮಿಂದ, ಮೀಯಿಸಿದ ನೀರೆಲ್ಲ
ಎಲ್ಲಿ ಕೂತಿದೆಯೆಂದು ಆವತ್ತೇ ಮೊದಲು ಯೋಚಿಸಿದ್ದು.

ಕೊನೆಗೆ ಸುರಂಗ.
ಕೈಯಲ್ಲಿ ಮೇಣದಬತ್ತಿ, ಬಗ್ಗಿಕೊಂಡು ಒಳಗೆ.
ಹೊರಗೆ ಇವರು ಗಡಿಯಾರ ನೋಡುತ್ತ,
ಲೋಹಿತ ಮೊಬೈಲು ನೋಡುತ್ತ.
ಮುರಕಲ್ಲು ಮುಗಿದು ಜೇಡಿ ಸುರುವಾಗುವಲ್ಲಿ
ಬೆಳಕು ಎಡಕ್ಕೆ ತಿರುಗಿ ಕಾಣದಾಯಿತು.
ನಮ್ಮ ಸುರಂಗಕ್ಕೊಂದು ಎಡ ಇದೆಯೆಂದು
ನಮಗೆ ಯಾರಿಗೂ ಗೊತ್ತಿರಲಿಲ್ಲ.

ಬಂದ. ಗಡ್ಡದಲ್ಲಿ ಕೆಸರು.
"ಆ ವರ್ಷ ಇಲ್ಲಿಯೂ ಕೊರೆದಿದ್ದೆ, ಹದಿನೆಂಟು ಕೋಲು.
ನೀರು ಸಿಕ್ಕದೆ ಬಿಟ್ಟೆ. ನಿನ್ನ ಮಾವ ಕೂಲಿ ಕೊಟ್ಟರು.
ಈಗ ಅದರಲ್ಲಿ ನೀರಿದೆ."
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಈ ಬರೆಯ ಹೊಟ್ಟೆಯೊಳಗೇ" ಅಂದ,
ತಪ್ಪು ತನ್ನದೆನ್ನುವಂತೆ.

ತಡೆಗೋಡೆ ಕಟ್ಟಿದರೆ? ಲೋಹಿತ ಕೇಳಿದ.
"ಕಟ್ಟು. ನೀರಿಗೆ ದಾರಿ ಬಿಡದ ಗೋಡೆ ಅಂದರೆ ಅಣೆಕಟ್ಟು.
ಅದರ ಬುಡದಲ್ಲಿ ಹೆಂಡತಿಯನ್ನು ಮಲಗಿಸುತ್ತೀಯಾ?"

ಯಾರೂ ನಗಲಿಲ್ಲ. ಅಷ್ಟರಲ್ಲಿ ಲೆಕ್ಕವೇ ಬೇರೆಯಾಗಿತ್ತು.
ಹೊಸ ಕೋಣೆ ಬಿಡಿ,
ಇರುವ ಅಡಿಗೆಕೋಣೆ ಎಷ್ಟು ಮಳೆಯದು?

ಸಲಾಂನಿಗೆ ಡೀಸೆಲಿಗೆಂದು ಐನೂರು ಕೊಟ್ಟು ಕಳಿಸಿದೆವು.
ಬಿರುಕಿಗೆ ಜೇಡಿ ತುಂಬಿ, ಮೇಲೆ ಕಣಿ ಕಡಿದೆವು,
ಎಂಟು ಭಾನುವಾರ, ಪಿಕ್ಕಾಸಿನಲ್ಲಿ, ತೋಡಿನವರೆಗೆ.
ಪಂಚಾಯತಿಗೆ ಅರ್ಜಿ ಹೋಗಿದೆ. ನಮೂನೆ ಮಲಯಾಳದಲ್ಲಿ,
ಓದಿಸಿಕೊಂಡು ಸಹಿ ಹಾಕಿದೆ.
ಅಪಾಯದ ವಿವರಕ್ಕೆ ಒಂದೇ ಗೆರೆ ಜಾಗ ಬಿಟ್ಟಿದ್ದರು.
ಕೋಣೆ ಮುಂದೆ ಎದ್ದಿತು, ಅರ್ಧ ಅಂಗಳ ತಿಂದು.
ಮದುವೆಯ ಚಪ್ಪರ ರಸ್ತೆಗೆ ಬಂತು. ಒಲೆಯೂ ಮುಂದೆ ಬಂತು;
ಈಗ ಬಂದವರಿಗೆ ಮೊದಲು ಕಾಣುವುದು
ನಮ್ಮ ಮೀನಿನ ಬಾಣಲೆ.

ಆ ದಿನ ಹೊರಡುವಾಗ ಕುಂಞಂಬು
ಹಿಂಗೋಡೆಯ ಸೀಳಿಗೆ ಅಡ್ಡ ಒಂದು ಗಾಜಿನ ತುಂಡಿಟ್ಟು
ಎರಡು ತುದಿಗೂ ಸಿಮೆಂಟು ಮೆತ್ತಿದ್ದ,
ಪಕ್ಕದಲ್ಲಿ ಪೆನ್ಸಿಲಿನ ತಾರೀಕು.
"ಇದು ಒಡೆದ ದಿನ ಸಾಮಾನು ಹುಡುಕಬೇಡ. ಹೊರಡು."

ಮುಳ್ಳೇರಿಯದವಳು ಬಂದ ಮೂರನೇ ದಿನ ಕೇಳಿದಳು,
ರಾತ್ರಿ ಟಾರ್ಚು ಹಿಡಿದು ಗೋಡೆಯಲ್ಲಿ ಏನು ಓದುತ್ತೀರಿ ಅಕ್ಕಾ?
ತೋರಿಸಿದೆ.
ಈಗ ಸರದಿ. ಸೋಮವಾರ, ಬುಧವಾರ ಅವಳದು.
ಮಳೆ ಜೋರಾದರೆ ಇಬ್ಬರೂ.