ಕೊಗ್ಗಿ

ಸಂಖದ ಸಾಲಿ ಹಿಂದ, ಮುರುಮಿನ ಮ್ಯಾಲ
ಮೊಣಕಾಲಿಗೆ ಬರದ ಗಿಡ, ನೇರಳೆ ಹೂವು.
ಗುರೂಜಿ ಹಲಿಗಿ ಮ್ಯಾಲ ಬರದ್ರು: ಉನ್ಹಾಳಿ.
ಲಾಯವ್ವ ನನ್ನ ಕಿವ್ಯಾಗ ಅಂದ್ಲು: ಕೊಗ್ಗಿ.

ಅದರ ಎಲಿ ತುದಿ ಹಿಡದು ಜಗ್ಗಿದ್ರ
ನೆಟ್ಟಗ ಹರಿಯಂಗಿಲ್ಲ,
ಬಾಣದ ಗರಿಯಂಗ ಸೀಳತೈತಿ,
ಎಷ್ಟು ಸರತಿ ಜಗ್ಗಿದ್ರೂ.
"ಬಾಣ ಎತ್ತ ಐತೋ ಕಳದ ಕುರಿ ಅತ್ತ."

ಒಮ್ಮೆನೂ ಇರಲಿಲ್ಲ. ಆದ್ರೂ ಹೋಗತಿದ್ವಿ.
ಹಂಗ ಹೋಗೇ ನರಿಮರಿ ನೋಡಿದ್ದು,
ಒಂದಿನ ಹಳ್ಳದ ದಂಡ್ಯಾಗ
ಆಕಿ ಅಳೂದು ನೋಡಿದ್ದು.
ಯಾಕಂತ ಕೇಳಲಿಲ್ಲ.

ಬ್ಯಾಸಗ್ಯಾಗ ಗಿಡ ಬರೇ ಕಡ್ಡಿ.
ಕಿತ್ತು ನೋಡಿದೆ, ಬೇರು ಬರಲಿಲ್ಲ.
ಮಿರಗಕ್ಕ ಮತ್ತ ಚಿಗಿತು.
ಅಷ್ಟರಾಗ ಲಾಯವ್ವನ್ನ ಎತ್ತಲೋ ಕೊಟ್ಟಿದ್ರು.

ಇವತ್ತ ಮಿರಜದಾಗ ಎಸ್ಟಿ ಇಳದು
ಟಿಕೀಟಿನ ತುದಿ ಹಿಡದು ಜಗ್ಗಿದೆ.
ನೆಟ್ಟಗ ಹರೀತು.