ದುಂಡನೆಯವು ಕೊನೆಗೆ

ಗುರುವಾರ ಮಾತ್ರ ತೆರೆದಿರುತ್ತದೆ, ಎರಡರಿಂದ ನಾಲ್ಕು.
ಬನ್ನಿ. ಬಾಗಿಲು ಸ್ವಲ್ಪ ಕಚ್ಚುತ್ತದೆ,
ಉಪ್ಪುಗಾಳಿಗೆ ಮರ ಉಬ್ಬಿದೆ, ಭುಜ ಕೊಟ್ಟು ತಳ್ಳಿ.
ಜೀವರಕ್ಷಕ ದೋಣಿ ನಿಲ್ಲುತ್ತಿದ್ದ ಕೊಟ್ಟಿಗೆ ಇದು,
ಈಗ ಸ್ಕೆಲ್‌ಥಾರ್ಪ್ ಮ್ಯೂಸಿಯಂ.

ಅದು ಸ್ನಾನದ ಗಾಡಿ. ಚಕ್ರ ಮಾತ್ರ ಅಸಲಿ.
ಯಾರೋ ವೈದ್ಯ ಹೇಳಿದನಂತೆ, ಸಮುದ್ರದ ನೀರಿಗೆ
ಕೀಲುನೋವು, ಮನಸಿನ ಮಂಕು, ಎರಡೂ ಇಳಿಯುತ್ತದೆಂದು.
ಹೆರಿಂಗ್ ಮೀನನ್ನು ಬಲೆಯಿಂದ ಬಿಡಿಸುತ್ತಿದ್ದ ಹೆಂಗಸರು
ಮಾರನೇ ವರ್ಷವೇ ದೊಡ್ಡ ಮನೆಯ ಹೆಂಗಸರನ್ನು
ಸೊಂಟ ಹಿಡಿದು ಅಲೆಯೊಳಗೆ ಅದ್ದತೊಡಗಿದರು,
ಸೀರಣಿಗೆಯಲ್ಲಿ ಸಿಕ್ಕಿದ ಹೇನಿನಂತೆ ಅವರು ಒದ್ದಾಡುತ್ತಿದ್ದರಂತೆ.
ಒಂದು ಮುಳುಗಿಗೆ ಆರು ಪೆನ್ನಿ.
ನನ್ನ ಮುತ್ತಜ್ಜಿಯ ಅಜ್ಜಿ ಅವರಲ್ಲೊಬ್ಬಳು.
ಅವಳಿಗೆ ಈಜು ಬರುತ್ತಿರಲಿಲ್ಲ.

ರೈಲು ಬಂದ ಮೇಲೆ ಕೇಳಬೇಡಿ.
ಲೆಸ್ಟರಿನಲ್ಲಿ ಕಾಲ್ಚೀಲದ ಕಾರ್ಖಾನೆಗೆ ಬೀಗ ಬಿದ್ದ ವಾರ
ಬೀದಿಗೆ ಬೀದಿಯೇ ಇಲ್ಲಿ ಬಂದಿಳಿಯುತ್ತಿತ್ತು.
ಅಲ್ಲಿ ಪಕ್ಕದ ಮನೆಯವರು
ಇಲ್ಲಿ ಪಕ್ಕದ ಕುರ್ಚಿಯವರು, ಅದೇ ಜಗಳ, ಅದೇ ಚಹಾ.
ಮಿಸೆಸ್ ಗ್ಯಾದರ್‌ಕೋಲ್‌ಳ ವಸತಿಗೃಹದ ಬಿಲ್ಲು ಅಲ್ಲಿ ತೂಗಿದೆ,
ಓದಿ: ಹಾಸಿಗೆ ಇಷ್ಟು, ಬಿಸಿನೀರು ಇಷ್ಟು,
ಉಪ್ಪು-ಮೆಣಸಿನ ಡಬ್ಬಿ ಮುಟ್ಟಿದ್ದಕ್ಕೆ ಬೇರೆ.

ಕಿಟಕಿಯಾಚೆ ಪಿಯರ್. ನಡುವೆ ಕಾಣುವ ಕಂಡಿ
ಬಿರುಗಾಳಿಯದಲ್ಲ. ನಲವತ್ತರಲ್ಲಿ ನಮ್ಮ ಸೈನ್ಯವೇ ಕತ್ತರಿಸಿದ್ದು,
ಜರ್ಮನರು ಅದರ ಮೇಲೆ ನಡೆದು ಬಂದಾರೆಂದು.
ಅವರು ಬರಲಿಲ್ಲ.
ಹಲಗೆ ಜೋಡಿಸಲು ದುಡ್ಡೂ ಬರಲಿಲ್ಲ.
ಆ ತುದಿಯ ನೃತ್ಯಶಾಲೆಯಲ್ಲಿ ಈಗ ಕಡಲಹಕ್ಕಿಗಳ ಸಂಸಾರ.

ಇದು ನೋಡಿ, ಗಾಜಿನ ಕೆಳಗೆ.
ಗೇಣುದ್ದದ ಮಿಠಾಯಿ ಕಡ್ಡಿ, ಒಳಗೆ ಊರಿನ ಹೆಸರು,
ಈ ತುದಿಯಿಂದ ಆ ತುದಿಯವರೆಗೆ.
ನನ್ನಪ್ಪ ವಿಲ್ಫ್ರೆಡ್ ಕ್ರೌಸನ್ ಅಕ್ಷರ ಕೂರಿಸುವವನು.
ಕಾಗದದ ಮೇಲೆ ಎರಡು ಸಾಲು ಬರೆದರೆ ಮೂರು ತಪ್ಪು,
ಸಕ್ಕರೆಯಲ್ಲಿ ಮಾತ್ರ ಎಂದೂ ತಪ್ಪಿದವನಲ್ಲ.
ಪಾಕ ಹದಕ್ಕೆ ಬಂದು ಮೇಜಿನ ಮೇಲೆ ಹರಿದಾಗ
ಒಂದೊಂದಕ್ಷರವೂ ತೊಲೆಯಷ್ಟು ದಪ್ಪ.
ಚೌಕದವು ಮೊದಲು, ಅನ್ನುತ್ತಿದ್ದ, ಇ, ಎಲ್, ಟಿ, ಎಚ್,
ಕೂತಲ್ಲಿ ಕೂರುತ್ತವೆ, ಸಭ್ಯರು.
ದುಂಡನೆಯವು ಕೊನೆಗೆ.
ಬೇಗ ಮಾಡಿಟ್ಟರೆ ಓ ತನ್ನ ಭಾರಕ್ಕೇ ಕುಸಿದು
ಬಾಯಿ ಮುಚ್ಚಿಕೊಳ್ಳುತ್ತದೆ.
ಆಮೇಲೆ ಎಲ್ಲವನ್ನೂ ಸುತ್ತಿ, ಉರುಳಿಸಿ, ಎಳೆಯುವುದು.
ಎಳೆದಷ್ಟೂ ಊರು ಸಣ್ಣದಾಗುತ್ತಿತ್ತು,
ಹೆಸರು ಕಡಿಯುತ್ತಿರಲಿಲ್ಲ.

ಐವತ್ತಮೂರರ ಜನವರಿ ಕೊನೆಯ ರಾತ್ರಿ
ಸಮುದ್ರ ಕೇಳದೆ ಒಳಗೆ ಬಂತು.
ಉಗ್ರಾಣದಲ್ಲಿದ್ದ ಸಕ್ಕರೆ ಮೂಟೆಗಳು ಬರೀ ಗೋಣಿಯಾದವು.
ಸ್ಯಾಂಡ್ ಲೇನಿನ ಕೊನೆಯ ಬಂಗಲೆಯಲ್ಲಿ
ಚಿಕ್ಕಮ್ಮ ಎಡ್ನಾ, ಅಪ್ಪನ ತಂಗಿ.
ಅದಾದ ಐದನೇ ದಿನಕ್ಕೆ
ದೇಶಕ್ಕೆಲ್ಲ ಮಿಠಾಯಿಯ ರೇಷನ್ ಎತ್ತಿದರು.

ಈ ಕಡ್ಡಿ ಆ ಈಸ್ಟರಿನದು.
ಬಗ್ಗಿ ನೋಡಿ: ಓ ಇರಬೇಕಾದ ಕಡೆ ಬಿಳಿ.
ಮರೆತನೋ, ಬಿಟ್ಟನೋ, ನಾನು ಕೇಳಿದ್ದಿಲ್ಲ.
ಸಾವಿರ ಕಡ್ಡಿ ಮಾರಿಹೋದವು, ಒಂದೂ ದೂರಿಲ್ಲ.
ನಾಲಿಗೆಗೆ ಕಾಗುಣಿತ ಗೊತ್ತಿಲ್ಲವಲ್ಲ.

ಆಮೇಲೆ ಲೆಸ್ಟರಿನವರು ಸ್ಪೇನಿಗೆ ಹಾರಿದರು,
ರೈಲು ಹಳಿ ಕಿತ್ತರು, ಅಲ್ಲೀಗ ಬ್ಲ್ಯಾಕ್‌ಬೆರಿ ಮುಳ್ಳು.
ಪರಂಪರೆಯ ಫಲಕ ಬರೆಸಲು ಪುರಸಭೆಯ ಹುಡುಗ ಬಂದಿದ್ದ,
ಪಾಪ, ಒಳ್ಳೆಯವನೇ. ತಪ್ಪಿಲ್ಲದ್ದು ಒಂದಿಲ್ಲವೇ, ಅಂದ.
ಇದೆ, ಎದುರಿನ ಅಂಗಡಿಯಲ್ಲಿ, ಅಂದೆ,
ಬ್ಲ್ಯಾಕ್‌ಪೂಲಿನಲ್ಲಿ ಮಾಡಿಸಿ ತರುತ್ತಾರೆ.

ಮಂಜು ಕವಿದ ದಿನ ಕಡ್ಡಿ ಬೆವರುತ್ತದೆ.
ಗಾಜು ಎತ್ತಿ ನಾನೇ ಒರೆಸಬೇಕು.
ಹೋದ ವಾರ ಬೆರಳಿಗೆ ಅಂಟಿತು.
ಯಾರೂ ಇರಲಿಲ್ಲ. ಬಾಯಿಗಿಟ್ಟೆ.
ಪೆಪ್ಪರ್‌ಮಿಂಟು, ಇನ್ನೂ.
ಮತ್ತೆ ಸ್ವಲ್ಪ ಉಪ್ಪು,
ಅದು ಕಡ್ಡಿಯದೋ ಬೆರಳಿನದೋ.

ಹುಷಾರು, ಹೊರಗೆ ಮೆಟ್ಟಿಲು ಜಾರುತ್ತದೆ.